ಆಕ್ಸೊಲಾಟಲ್ ಟ್ಯಾಂಕಿಗೆ ಮೊದಲು ತಳ, ಆಮೇಲೆ ಗಿಡ

ಆಕ್ಸೊಲಾಟಲ್ ಅಂದರೆ ನೀರಲ್ಲೇ ಬದುಕುವ, ಕಪ್ಪೆಯ ದೂರದ ನೆಂಟನಾದ ಒಂದು ಉಭಯಚರ. ಅದು ಅಗಿದು ತಿನ್ನುವ ಪ್ರಾಣಿ ಅಲ್ಲ. ಗಬಕ್ಕನೆ ಬಾಯಿ ತೆರೆದು, ನೀರಿನ ಜೊತೆ ಎದುರಿಗಿದ್ದದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಎರೆಹುಳದ ಜೊತೆ ಕಲ್ಲೂ ಹೋಗುತ್ತದೆ. ಆ ಕಲ್ಲು ಕರುಳಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ಹಾಗಾಗಿ ನಮ್ಮ ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಬಣ್ಣಬಣ್ಣದ ಜಲ್ಲಿಯ ಚೀಲ ಎಷ್ಟೇ ಚಂದ ಕಂಡರೂ ಮುಂದೆ ನಡೆಯಿರಿ. ಗಿಡಕ್ಕೆ ಒಳ್ಳೆಯದು ಅಂತ ಅಂಗಡಿಯವರು ಕೊಡುವ ಅಕ್ವಾ ಸಾಯಿಲ್ (ಅಕ್ವೇರಿಯಂ ಗಿಡದ ಮಣ್ಣು) ಕೂಡ ಬೇಡ. ಅದರ ಗುಂಡುಗಳು ಬಾಯಿಗೆ ಹಿಡಿಯುವ ಅಳತೆಯವೇ. ಹೊಸದರಲ್ಲಿ ಅಮೋನಿಯಾ ಬೇರೆ ಬಿಡುತ್ತದೆ.

ಮರಿ ಸುಮಾರು 15 ಸೆಂ.ಮೀ. ಉದ್ದ ಆಗುವ ತನಕ ತಳಕ್ಕೆ ಏನೂ ಹಾಕಬೇಡಿ. ಬರಿ ಗಾಜು ಸಾಕು, ಹೇಸಿಗೆ ಬಿದ್ದದ್ದೂ ಕಾಣುತ್ತದೆ, ತೆಗೆಯುವುದೂ ಸುಲಭ. ನೋಡಲು ಬೋಳು ಅನ್ನಿಸುತ್ತದೆ, ಅನ್ನಿಸಲಿ ಬಿಡಿ. ದೊಡ್ಡದಾದ ಮೇಲೆ ಮಾತ್ರ ನುಣ್ಣನೆ ಗಾಜಿನ ಮೇಲೆ ಅದರ ಕಾಲು ಜಾರುತ್ತದೆ, ಆಗ ಮರಳು ಹಾಕಬಹುದು. ಮರಳು ಚಿರೋಟಿ ರವೆಯಷ್ಟು ಸಣ್ಣ ಇರಬೇಕು, ಬನ್ಸಿ ರವೆಯಷ್ಟು ದಪ್ಪ ಇದ್ದರೆ ಬೇಡ. ಸಣ್ಣ ಮರಳು ಹೊಟ್ಟೆಗೆ ಹೋದರೂ ಸಾಮಾನ್ಯವಾಗಿ ಹೊರಗೆ ಬರುತ್ತದೆ. ಜುಹೂ ಬೀಚಿನಿಂದ ತುಂಬಿಕೊಂಡು ಬರುವ ಉಪಾಯ ಮಾಡಬೇಡಿ, ಅದರಲ್ಲಿ ಉಪ್ಪು, ಚಿಪ್ಪಿನ ಚೂರು, ಎಣ್ಣೆ ಎಲ್ಲಾ ಇರುತ್ತದೆ. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಕೂಡ ಬೇಡ, ಅದರ ಕಾಳು ಚೂಪು. ಅಕ್ವೇರಿಯಂ ಮರಳನ್ನೇ ತಂದು, ಬಕೆಟ್ಟಿನಲ್ಲಿ ನೀರು ತಿಳಿಯಾಗುವವರೆಗೆ ತೊಳೆಯಿರಿ. ಎರಡು ಸೆಂ.ಮೀ. ದಪ್ಪ ಹರಡಿದರೆ ಸಾಕು. ಜಾಸ್ತಿ ಹಾಕಿದರೆ ಅಡಿಯಲ್ಲಿ ಗಾಳಿ ಆಡದೆ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಹುಟ್ಟುತ್ತದೆ. ವಾರಕ್ಕೊಮ್ಮೆ ಕೈಯಿಂದ ಮೆಲ್ಲಗೆ ಕೆದಕಿ.

ಮರಳಿನ ರಗಳೆಯೇ ಬೇಡ ಅನ್ನುವವರಿಗೆ ಕಲ್ಲಿನ ಹಾಸು ಇದೆ. ನಮ್ಮ ಮುಂಬಯಿ ಅಡುಗೆಮನೆಗಳಲ್ಲಿ ಹಾಕುವ ಕಡಪಾ ಕಲ್ಲನ್ನೇ ಅಳತೆಗೆ ಕೊಯ್ಸಿ, ಅಂಚು ಉಜ್ಜಿಸಿ, ಒರಟು ಮುಖ ಮೇಲೆ ಬರುವಂತೆ ಇಡಬಹುದು. ಎಣ್ಣೆ, ಪಾಲಿಶ್ ಹಚ್ಚಿದ ತುಂಡು ಮಾತ್ರ ಬೇಡ. ಇದು ಸುಣ್ಣದ ಕಲ್ಲು, ನೀರನ್ನು ಸ್ವಲ್ಪ ಗಡಸು ಮಾಡುತ್ತದೆ. ಇಲ್ಲಿ ಅದು ಅನುಕೂಲವೇ. ಭಾತ್ಸಾ, ತಾನ್ಸಾ, ವೈತರಣಾ ಕೆರೆಗಳಿಂದ ನಲ್ಲಿಗೆ ಬರುವ ನೀರು ಮೆದು, ಈ ಪ್ರಾಣಿಗೆ ಸ್ವಲ್ಪ ಗಡಸು ನೀರೇ ಹಿತ. ಕಲ್ಲಿನ ಸಂದಿಯಲ್ಲಿ ಕೊಳೆ ಕೂರದಂತೆ ಅಕ್ವೇರಿಯಂ ಸಿಲಿಕೋನ್ ಹಾಕಿಸಿ.

ಗಿಡಕ್ಕೆ ಬರೋಣ. ಆಕ್ಸೊಲಾಟಲ್ ತವರು ಮೆಕ್ಸಿಕೋ ನಗರದ ಶೋಚಿಮಿಲ್ಕೋ, ಸಮುದ್ರಮಟ್ಟಕ್ಕಿಂತ 2,200 ಮೀಟರಿಗೂ ಮೇಲಿನ ಜಾಗ. 16ರಿಂದ 18 ಡಿಗ್ರಿ ತಣ್ಣನೆ ನೀರು ಅದಕ್ಕೆ ಬೇಕು. ನಮ್ಮ ಊರಿನ ಸೆಕೆಗೆ ಚಿಲ್ಲರ್, ಅಂದರೆ ನೀರು ತಣ್ಣಗೆ ಮಾಡುವ ಯಂತ್ರ, ಇಲ್ಲದೆ ಆಗುವುದಿಲ್ಲ. ಗಾಳಿಯಲ್ಲೇ ಇಷ್ಟು ತೇವ ಇರುವಾಗ ಟ್ಯಾಂಕಿನ ಮೇಲೆ ಫ್ಯಾನ್ ಇಟ್ಟರೂ ಅಷ್ಟು ತಂಪಾಗದು. ಚಿಲ್ಲರ್‌ಗೂ ಕರೆಂಟ್ ಬಿಲ್ಲಿಗೂ ದುಡ್ಡಿಲ್ಲದಿದ್ದರೆ ಪ್ರಾಣಿಯನ್ನೇ ತರಬೇಡಿ, ಗಿಡದ ಮಾತು ಯಾಕೆ ಅಲ್ವಾ? ಇದರ ಕಣ್ಣಿಗೆ ರೆಪ್ಪೆಯೂ ಇಲ್ಲ, ಜೋರು ಲೈಟ್ ಸಹಿಸದು. ಹಾಗಾಗಿ ತಂಪು ನೀರು, ಮಂದ ಬೆಳಕು ಎರಡಕ್ಕೂ ಒಗ್ಗುವ ಗಿಡ ನೋಡಬೇಕು.

ನನ್ನ ಆಯ್ಕೆ ಅನುಬಿಯಾಸ್ ಮತ್ತು ಜಾವಾ ಫರ್ನ್. ಎರಡಕ್ಕೂ ಮಣ್ಣು ಬೇಕಿಲ್ಲ. ಶುಂಠಿಯಂಥ ದಪ್ಪ ಕಾಂಡವನ್ನು ಹೂಳಬೇಡಿ, ಹೂತರೆ ಕೊಳೆಯುತ್ತದೆ. ಹತ್ತಿ ದಾರದಿಂದ ಒಂದು ಕಲ್ಲಿಗೆ ಕಟ್ಟಿ. ದಾರ ಸವೆಯುವಷ್ಟರಲ್ಲಿ ಬೇರು ಕಲ್ಲನ್ನು ಹಿಡಿದಿರುತ್ತದೆ. ಕಲ್ಲು ಪ್ರಾಣಿಯ ತಲೆಗಿಂತ ದೊಡ್ಡದಿರಲಿ, ಚೂಪು ಮೂಲೆ ಇರಬಾರದು, ಹೊರಗೆ ಚಾಚಿದ ಕಿವಿರು ಗೀರಿಕೊಳ್ಳುತ್ತದೆ. ಮರಳಲ್ಲಿ ನೆಟ್ಟ ವ್ಯಾಲಿಸ್ನೇರಿಯಾ ಥರದ ಗಿಡಗಳನ್ನು ಇದು ಓಡಾಡುತ್ತಲೇ ಕಿತ್ತು ತೇಲಿಸುತ್ತದೆ. ಜಾವಾ ಮಾಸ್ ಒಳ್ಳೆಯದು, ಆಗಾಗ ಕತ್ತರಿಸಬೇಕು ಅಷ್ಟೆ. ಹಾರ್ನ್‌ವರ್ಟ್ ನೀರಿನ ಕೊಳೆ ಹೀರುತ್ತದೆ ನಿಜ, ಆದರೆ ಬೆಳಕು ಸಾಲದಿದ್ದರೆ ಸೂಜಿಯಂಥ ಎಲೆ ಉದುರಿಸಿ ಫಿಲ್ಟರ್ ಕಟ್ಟಿಸುತ್ತದೆ. ನನಗಂತೂ ಅದು ಬೇಡ. ಅದರ ಬದಲು ಬಾಲ್ಕನಿಯ ಮನಿ ಪ್ಲಾಂಟಿನ ಬೇರಷ್ಟೇ ನೀರಿಗೆ ಇಳಿಯಬಿಡಿ, ಎಲೆ ಹೊರಗಿರಲಿ, ಬೇರಿಗೆ ಜಾಲರಿ ಸುತ್ತಿರಲಿ.

ತಂದ ಗಿಡವನ್ನು ಹಾಗೇ ಇಳಿಸಬೇಡಿ. ಬುಡದ ಸೀಸದ ಪಟ್ಟಿ, ಹತ್ತಿಯಂಥ ರಾಕ್‌ವೂಲ್ ಎಲ್ಲಾ ತೆಗೆಯಿರಿ. ಪಟಿಕದ (ಆಲಂ) ನೀರಿನಲ್ಲಿ ಎರಡು ಮೂರು ತಾಸು ನೆನೆಸಿದರೆ ಬಸವನಹುಳ ಬಹುಮಟ್ಟಿಗೆ ಹೋಗುತ್ತದೆ. ಚೆನ್ನಾಗಿ ತೊಳೆದು, ಬೇರೆ ಬಕೆಟ್ಟಿನಲ್ಲಿ ಒಂದೆರಡು ವಾರ ಇಡಿ. ತಾಮ್ರ ಇರುವ ಗಿಡದ ಔಷಧಿ, ಗೊಬ್ಬರ ಹತ್ತಿರವೂ ಬರಬಾರದು. ಕತ್ತರಿಸಿದ ತುಂಡನ್ನು ನಾಲೆಗೋ ಕೆರೆಗೋ ಎಸೆಯಬೇಡಿ. ಪವಾಯಿ ಕೆರೆಯಲ್ಲಿ ಅಂತರಗಂಗೆ ಹಬ್ಬಿರುವುದು ಸಾಲದೇ? ಬಿಸಿಲಿಗೆ ಒಣಗಿಸಿ ಹೂಕುಂಡಕ್ಕೆ ಹಾಕಿ.