ಚೌಕಾಬಾರದ ಕವಡೆ ಮತ್ತು ಪೈಥಾನ್: ನನ್ನ ಅನುಭವ

ಕಲಬುರಗಿಯಲ್ಲಿ ಸಂಜೆ ಹೊತ್ತು ಡಿಗ್ರಿ ಓದುವ ಮಕ್ಕಳಿಗೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ಹೆಚ್ಚಿನವರು ಸೇಡಂ, ಜೇವರ್ಗಿ, ಚಿಂಚೋಳಿ ಕಡೆಯವರು, ಕನ್ನಡ ಮಾಧ್ಯಮದಲ್ಲಿ ಓದಿದವರು. ರ್ಯಾಂಡಮ್, ಅಂದರೆ ಮೊದಲೇ ಹೇಳಲಾಗದ ಸಂಖ್ಯೆಗಳನ್ನು ಕಂಪ್ಯೂಟರಿಂದ ತೆಗೆಸುವ ಪಾಠಕ್ಕೆ ನಾನು ಆರಿಸಿಕೊಂಡದ್ದು ಚೌಕಾಬಾರ. ನಮ್ಮ ಬೇಸಿಗೆ ಗೊತ್ತಲ್ಲ, ಮಧ್ಯಾಹ್ನ ಹೊರಗೆ ಕಾಲಿಡೋಕಾಗಲ್ಲ. ಮನೆಯೊಳಗೆ ಈ ಆಟ ಆಡಿಕೊಂಡೇ ಬೆಳೆದವರು ಇವರು.

ಆಡದವರಿಗೆ ಹೇಳುತ್ತೇನೆ. ನಾಲ್ಕು ಕವಡೆ. ಎಷ್ಟು ಅಂಗಾತ ಬಿದ್ದವೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಬೋರಲು ಬಿದ್ದರೆ 8. ಹೀಗೆ ಬೀಳುವ ಸಂಖ್ಯೆಯೇ ಗರ. ಗರ 4 ಅಥವಾ 8 ಆದರೆ ಇನ್ನೊಮ್ಮೆ ಹಾಕಬಹುದು. ಹಾಗಾದರೆ ಇನ್ನೊಮ್ಮೆ ಹಾಕುವ ಅವಕಾಶ ನೂರಕ್ಕೆ ಎಷ್ಟು ಸಲ ಸಿಗುತ್ತದೆ?

ಒಬ್ಬ ಹುಡುಗ ಎರಡೇ ಸಾಲಲ್ಲಿ ಬರೆದ. 1, 2, 3, 4, 8 ಅಂತ ಲಿಸ್ಟ್ ಮಾಡಿ, ಅದರಿಂದ ಒಂದನ್ನು ರ್ಯಾಂಡಮ್ ಆಗಿ ಎತ್ತಿಕೊಂಡ. ಉತ್ತರ ಶೇ 40ರ ಹತ್ತಿರ ಬಂತು. ಪಕ್ಕದಲ್ಲಿದ್ದ ಹುಡುಗಿ ತಕ್ಷಣ ಕೇಳಿದಳು: "ಸರ್, ಅಷ್ಟು ಸಲ ಎಲ್ಲಿ ಬೀಳ್ತಾವ್ರೀ?" ಆಡಿದ ಕೈಗೆ ಗೊತ್ತಾಗುತ್ತದೆ, ಅಲ್ವಾ? ಆ ಎರಡು ಸಾಲಲ್ಲಿ ಕವಡೆಯೇ ಇರಲಿಲ್ಲ. ನಾಲ್ಕು ಕವಡೆ ಬೀಳಲು 16 ದಾರಿ. ಅದರಲ್ಲಿ 2 ಬರುವುದು 6 ದಾರಿಯಲ್ಲಿ, 4 ಬರುವುದು ಒಂದೇ ದಾರಿಯಲ್ಲಿ, 8 ಕೂಡ ಅಷ್ಟೇ. ಅಂದರೆ 16ರಲ್ಲಿ 2, ಶೇ 12.5. ಕೋಡ್ ಚಿಕ್ಕದಾದ ಮಾತ್ರಕ್ಕೆ ಅರ್ಥವಾಗುವ ಕೋಡ್ ಆಗಲ್ಲ. ಕೈ ಮಾಡುವ ಕೆಲಸ ಅದೇ ಕ್ರಮದಲ್ಲಿ ಕೋಡಲ್ಲಿ ಕಾಣಬೇಕು.

ಹಾಗಾಗಿ ಒಂದು ಕವಡೆಯಿಂದ ಶುರು ಮಾಡಿದೆವು. ಪೈಥಾನ್ 3ರಲ್ಲಿ, ಕೋಡಲ್ಲಿ ನಾವು ಕೊಡುವ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಎನ್, ಎಕ್ಸ್, ಟೆಂಪ್ ಅನ್ನುವಂಥ, ಏನೂ ಹೇಳದ ಹೆಸರೆಲ್ಲ ಬಿಟ್ಟು ಹೀಗೆ ಬರೆದೆವು:

ಅಂಗಾತ_ಸಾಧ್ಯತೆ = 0.5
ಅಂಗಾತ_ಬಿದ್ದವು = ಕವಡೆ_ಎಸೆ(4)
ಗರ = ಗರದ_ಬೆಲೆ(ಅಂಗಾತ_ಬಿದ್ದವು)

ಕವಡೆ_ಎಸೆ ಒಂದು ಫಂಕ್ಷನ್, ಅಂದರೆ ಒಂದು ಕೆಲಸ ಮಾಡುವ, ಹೆಸರಿಟ್ಟ ಕೋಡ್ ತುಂಡು. ಅದು ಪ್ರತಿ ಕವಡೆಗೂ 0ರಿಂದ 1ರ ನಡುವಿನ ಒಂದು ರ್ಯಾಂಡಮ್ ಸಂಖ್ಯೆ ತೆಗೆಯುತ್ತದೆ. ಅದು ಅಂಗಾತ_ಸಾಧ್ಯತೆಗಿಂತ ಕಡಿಮೆ ಇದ್ದರೆ ಕವಡೆ ಅಂಗಾತ. ಸೊನ್ನೆ ಬಂದರೆ 8 ಅನ್ನುವ ನಿಯಮ ಗರದ_ಬೆಲೆ ಒಳಗೆ ಮಾತ್ರ ಇದೆ, ಬೇರೆಲ್ಲೂ ಇಲ್ಲ. ಒಂದು ಎಚ್ಚರಿಕೆ: ಕೆಲವು ಕೀಬೋರ್ಡ್‌ಗಳು ಒತ್ತು ಬರದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತವೆ. ಹೆಸರಿನೊಳಗೆ ಅದು ಸಿಕ್ಕಿದರೆ ಪೈಥಾನ್ ಎರರ್ ಕೊಡುತ್ತದೆ. ಅಂಥ ಹೆಸರು ಬೇಡ.

ಲೂಪ್ ಹಾಕುವ, ಅಂದರೆ ಅದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಮುಂಚೆ ಒಂದೇ ಗರ ಹಾಕಿಸಿ, ಪ್ರತಿ ಕವಡೆ ಹೇಗೆ ಬಿತ್ತು ಅಂತ ಪ್ರಿಂಟ್ ಮಾಡಿ ನೋಡಿಸುತ್ತೇನೆ. ಸೀಡ್, ಅಂದರೆ ರ್ಯಾಂಡಮ್ ಸಂಖ್ಯೆಗಳು ಎಲ್ಲಿಂದ ಶುರುವಾಗಬೇಕು ಅಂತ ಹೇಳುವ ಸಂಖ್ಯೆ ಇಟ್ಟರೆ, ಪ್ರತಿ ಸಲ ರನ್ ಮಾಡಿದಾಗಲೂ ಅದೇ ಗರಗಳು ಬರುತ್ತವೆ, ತಪ್ಪು ಹುಡುಕೋದು ಸುಲಭ. ಎಲ್ಲ ಸರಿ ಕಂಡ ಮೇಲೆ ಸೀಡ್ ತೆಗೆದು 10,000 ಸಲ ಓಡಿಸಿದೆವು. 4 ಮತ್ತು 8 ಸೇರಿ 1,250ರ ಆಚೀಚೆ ಬಂತು.

ಆಗ ಆ ಹುಡುಗಿಯದೇ ಇನ್ನೊಂದು ಪ್ರಶ್ನೆ: "ಖರೇ ಕವಡಿ ಎರಡೂ ಕಡಿ ಸಮ ಬೀಳ್ತದೇನ್ರೀ ಸರ್?" ಬೀಳಬೇಕೆಂದಿಲ್ಲ, ಎರಡು ಬದಿಯ ಆಕಾರವೇ ಬೇರೆ. ಮೇಲಿನ ಸಾಲಲ್ಲಿ 0.5 ತೆಗೆದು 0.6 ಇಟ್ಟೆವು, ಬೇರೇನೂ ಮುಟ್ಟಲಿಲ್ಲ. 4 ಬೀಳೋದು ಶೇ 13ರ ಹತ್ತಿರಕ್ಕೆ ಏರಿತು, 8 ಶೇ 2.6ರ ಸುತ್ತ ನಿಂತಿತು. ಈಗ ಅವರು ಮನೆಯ ಕವಡೆಗಳನ್ನು ಒಂದೊಂದಾಗಿ ಎಸೆದು, ಎಷ್ಟು ಸಲ ಅಂಗಾತ ಬಿತ್ತು ಅಂತ ನೋಟ್‌ಬುಕ್‌ನಲ್ಲಿ ಬರೆದು ತರುತ್ತಿದ್ದಾರೆ. ಆ ಸಂಖ್ಯೆ ಹೋಗಿ ಕೂರುವುದು ಇದೇ ಮೊದಲ ಸಾಲಿಗೆ.