ನಮ್ಮ ಕಮಾಂಡರಿಗೆ ಟರ್ಬೊ ಕೂಡಿಸಿದ್ದು

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಕುರಿಕೋಟಾ ದಾಟಿ ಕಮಲಾಪುರದ ಕಡೆ ಏರು ಶುರುವಾದರೆ ಸಾಕು, ನಮ್ಮ ಜೀಪು ಮೂರನೇ ಗೇರಿಗೆ ಇಳಿಯುತ್ತಿತ್ತು. ಹಿಂದೆ ತೊಗರಿ ಚೀಲ ಹೇರಿದ್ದರೆ ಎರಡನೆಯದಕ್ಕೆ. ಹಿಂದೆ ಸಾಲುಗಟ್ಟಿದ ಲಾರಿಯವರು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾಗಿ, ಕೊನೆಗೆ ಪಕ್ಕದಲ್ಲಿ ಹಾಯುವಾಗ ಒಂದು ಸಲ ತಿರುಗಿ ನೋಡಿ ಹೋಗುತ್ತಿದ್ದರು. ಆ ನೋಟಕ್ಕೇ ನಾನು ಟರ್ಬೊ ಹಾಕಿಸಿದ್ದು ಅಂದರೂ ತಪ್ಪಿಲ್ಲ.

ಜೀಪು ನಮ್ಮ ಅಪ್ಪನದು, ಮಹೀಂದ್ರಾ ಕಮಾಂಡರ್ ಡಿಐ. 2523 ಸಿಸಿಯ ಡೀಸೆಲ್ ಎಂಜಿನ್, ಟರ್ಬೊ ಇಲ್ಲದ್ದು. ಟರ್ಬೊ ಅಂದರೆ ಹೊರಹೋಗುವ ಹೊಗೆಯ ರಭಸಕ್ಕೆ ತಿರುಗಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪುಟ್ಟ ಫ್ಯಾನು. ಅದಿಲ್ಲದ ಎಂಜಿನ್ ಗಾಳಿಯನ್ನು ತಾನೇ ಎಳೆದುಕೊಂಡಷ್ಟು ಎಳೆದುಕೊಳ್ಳಬೇಕು. ನಮ್ಮ ಊರಲ್ಲಿ ಆ ಎಳೆಯುವುದೂ ಕಷ್ಟವೇ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ, ಆ ಎತ್ತರಕ್ಕೇ ಗಾಳಿಯ ಒತ್ತಡ ಶೇ 5ರಷ್ಟು ಕಡಿಮೆ. ಮೇಲೆ ಮೇ ತಿಂಗಳ ಬಿಸಿಲು. 25 ಡಿಗ್ರಿಯ ಗಾಳಿ 43 ಡಿಗ್ರಿಗೆ ಕಾದರೆ ಇನ್ನೊಂದು ಶೇ 6ರಷ್ಟು ತೆಳುವಾಗುತ್ತದೆ. ಬ್ಯಾಸಗಿಯಲ್ಲಿ ಗಾಡಿ ಸೋಮಾರಿಯಾಗುತ್ತದೆ ಅಂತ ಡ್ರೈವರುಗಳು ಹೇಳುವುದು ಸುಮ್ಮನೆ ಅಲ್ಲ.

ನನಗೆ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಒಂದು ಲೇತ್ ಅಂಗಡಿ ಇದೆ. ಕಬ್ಬಿಣ ಕೊರೆಯುವುದು ಗೊತ್ತು, ಎಂಜಿನ್ ಅಷ್ಟಾಗಿ ಗೊತ್ತಿಲ್ಲ. ಪಕ್ಕದ ಗ್ಯಾರೇಜಿನ ಉಸ್ತಾದ್‌ಗೆ ಎಂಜಿನ್ ಗೊತ್ತು. 2016ರ ಚಳಿಗಾಲದಲ್ಲಿ ಇಬ್ಬರೂ ಚಹಾ ಕುಡಿಯುತ್ತ ಲೆಕ್ಕ ಹಾಕಿದೆವು. ದಾರಿ ಎರಡು. ಬೊಲೆರೊದ ಟರ್ಬೊ ಎಂಜಿನ್ ಕೂಡ ಇದೇ ಮನೆತನದ್ದು, ಅದೇ 2523 ಸಿಸಿ. ಅದನ್ನು ಇಡಿಯಾಗಿ ತಂದು ಕೂರಿಸುವುದು ಒಂದು. ಇಲ್ಲವೇ ನಮ್ಮ ಎಂಜಿನ್ನಿಗೇ ಬೊಲೆರೊದ ಟರ್ಬೊ, ಅದಕ್ಕೆ ಹೊಗೆ ಒಯ್ಯುವ ಮ್ಯಾನಿಫೋಲ್ಡ್ ತಂದು ಬಿಗಿಯುವುದು. ಎಂಜಿನ್ ತಂದರೆ ಲಕ್ಷ ದಾಟುತ್ತದೆ, ಟರ್ಬೊ ಸೆಟ್ಟು ಗುಜರಿಯಲ್ಲಿ 11 ಸಾವಿರ. ನಾನು ಯಾವುದನ್ನು ಆರಿಸಿದೆ ಅಂತ ಬೇರೆ ಹೇಳಬೇಕಿಲ್ಲ.

ಒಂದು ಕೆಲಸ ಮಾತ್ರ ಉಸ್ತಾದ್ ಹಟ ಹಿಡಿದು ಮಾಡಿಸಿದ. ‘ಮೊದಲ್ ಕಂಪ್ರೆಷನ್ ನೋಡ್ರಿ ಅಣ್ಣೋರ. ಮುದುಕನ ಬೆನ್ನ ಮ್ಯಾಲ ಮೂಟಿ ಹೊರಸ್ತೀರೇನು?’ ಸಿಲಿಂಡರು ಗಾಳಿಯನ್ನು ಎಷ್ಟು ಒತ್ತಿ ಹಿಡಿಯುತ್ತದೆ ಅನ್ನುವುದೇ ಕಂಪ್ರೆಷನ್. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ ಆ ಜಾಗಕ್ಕೆ ಗೇಜ್ ಹಾಕಿದೆವು. ಮೂರು ಸಿಲಿಂಡರಿನಲ್ಲಿ 26 ಬಾರ್ ಆಸುಪಾಸು, ನಾಲ್ಕನೆಯದರಲ್ಲಿ 24 (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ಸಮುದ್ರಮಟ್ಟದ ಗಾಳಿಯ ಒತ್ತಡ). ಎಂಜಿನ್ ಓಡುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆದು ನೋಡಿದೆವು, ಹೊಗೆ ಬುಸುಗುಡಲಿಲ್ಲ. ಪಿಸ್ಟನ್ನಿನ ರಿಂಗು ಗಟ್ಟಿ ಇವೆ ಅಂತಾಯಿತು. ಅಂದು ಆ ಮುಚ್ಚಳದ ಮಹತ್ವ ನನಗೆ ತಿಳಿದಿರಲಿಲ್ಲ.

ಕೂಡಿಸುವ ಕೆಲಸವನ್ನು ಹೆಚ್ಚು ಬೆಳೆಸುವುದಿಲ್ಲ. ಮ್ಯಾನಿಫೋಲ್ಡಿನ ಒಂದೆರಡು ತೂತು ಹಿಗ್ಗಿಸಬೇಕಾಯಿತು, ಸೈಲೆನ್ಸರ್ ಪೈಪು ಚಾಸಿಗೆ ತಾಕುತ್ತಿತ್ತೆಂದು ಕತ್ತರಿಸಿ ಬೇರೆ ತಿರುವು ಕೊಟ್ಟೆ. ಟರ್ಬೊಗೆ ಎಣ್ಣೆ ಬೇಕು. ಆಯಿಲ್ ಪ್ರೆಷರ್ ಸ್ವಿಚ್ ಇರುವ ಜಾಗದಲ್ಲಿ ಮೂರು ಬಾಯಿಯ ಒಂದು ಟಿ ಹಾಕಿ ಅಲ್ಲಿಂದ ಎಳೆದೆವು. ಟರ್ಬೊದ ಶಾಫ್ಟು ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ, ಅದನ್ನು ಹಿಡಿದಿರುವುದು ಎಣ್ಣೆಯ ತೆಳು ಪದರ ಅಷ್ಟೇ. ಹಾಗಾಗಿ ಎಣ್ಣೆ ಒಳಗೆ ಹೋಗುವ ದಾರಿಗೆ ನಾವು ತಲೆ ಕೆಡಿಸಿಕೊಂಡೆವು. ಹೊರಗೆ ಬರುವ ದಾರಿಗೆ ಕೆಡಿಸಿಕೊಳ್ಳಲಿಲ್ಲ. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿಗೆ ಸಂಪು ಅನ್ನುತ್ತಾರೆ; ಅದರ ಪಕ್ಕಕ್ಕೆ ಒಂದು ನಿಪ್ಪಲ್ ಬೆಸುಗೆ ಹಾಕಿ, ಅಂಗಡಿಯಲ್ಲಿ ಬಿದ್ದಿದ್ದ ಡೀಸೆಲ್ ರಬ್ಬರ್ ಪೈಪನ್ನೇ ಸುತ್ತಿ ಕೂಡಿಸಿದೆ. ನಾನೇ ಕೂಡಿಸಿದ್ದು. ಬೇರೆ ಯಾರ ಮೇಲೂ ಹಾಕಲಿಕ್ಕಿಲ್ಲ.

ಮೊದಲ ಸಲ ಚಾಲೂ ಮಾಡಿದಾಗ ಸೊಗಸಾಗಿತ್ತು. ಸಣ್ಣಗೆ ಸಿಳ್ಳು ಹೊಡೆದ ಹಾಗೆ ಸದ್ದು. ಏರ್ ಫಿಲ್ಟರ್ ಇನ್ನೂ ಕೂಡಿಸಿರಲಿಲ್ಲ, ಟರ್ಬೊದ ಬಾಯಿ ತೆರೆದಿತ್ತು. ಹತ್ತು ನಿಮಿಷಕ್ಕೆ ಹಿಂದಿನ ಪೈಪಿನಿಂದ ನೀಲಿ ಹೊಗೆ ಶುರುವಾಯಿತು. ಹೊಸದು, ಅಂಟಿಕೊಂಡ ಎಣ್ಣೆ ಸುಡುತ್ತಿದೆ ಅಂದುಕೊಂಡೆ. ಆಮೇಲೆ ಎಂಜಿನ್ನಿನ ಸದ್ದು ತಾನಾಗೇ ಏರತೊಡಗಿತು. ನಾನು ಎಕ್ಸಿಲೇಟರ್ ಮುಟ್ಟಿರಲಿಲ್ಲ. ಡೀಸೆಲ್ ಬರುವುದನ್ನು ನಿಲ್ಲಿಸುವ ಸ್ಟಾಪ್ ಕೇಬಲ್ ಎಳೆದೆ. ನಿಲ್ಲಲಿಲ್ಲ. ಇನ್ನೊಮ್ಮೆ ಜೋರಾಗಿ ಎಳೆದೆ, ಗುಬುಟು ಕೈಗೇ ಬಂತು.

ಡೀಸೆಲ್ ಎಂಜಿನ್ನಿಗೆ ಪ್ಲಗ್ ಇಲ್ಲ, ಕಿಡಿ ಇಲ್ಲ. ಗಾಳಿ ಸಿಕ್ಕಿತು, ಸುಡುವಂಥದ್ದು ಏನಾದರೂ ಸಿಕ್ಕಿತು ಅಂದರೆ ಅದು ಓಡುತ್ತದೆ. ಪಂಪಿನಿಂದ ಬಂದ ಡೀಸೆಲ್ಲೇ ಆಗಬೇಕೆಂದಿಲ್ಲ. ನಮ್ಮ ಎಂಜಿನ್ ಈಗ ತನ್ನದೇ ಎಣ್ಣೆಯನ್ನು ಕುಡಿದು ಓಡುತ್ತಿತ್ತು. ಹೆಚ್ಚು ಓಡಿದಷ್ಟೂ ಟರ್ಬೊ ಹೆಚ್ಚು ತಿರುಗುತ್ತದೆ, ಹೆಚ್ಚು ತಿರುಗಿದಷ್ಟೂ ಹೆಚ್ಚು ಎಣ್ಣೆ ಒಳಗೆ ಬರುತ್ತದೆ. ಗೇರಿಗೆ ಹಾಕಿ ಬ್ರೇಕ್ ಒತ್ತಿ ಕ್ಲಚ್ ಬಿಟ್ಟರೆ ನಿಲ್ಲುತ್ತಿತ್ತು. ಆದರೆ ಎಂಜಿನ್ನಿನ ತಾಕತ್ತನ್ನು ಗಾಲಿಗೆ ಒಯ್ಯುವ ಪ್ರೊಪೆಲರ್ ಶಾಫ್ಟನ್ನು, ಅದರ ಕೀಲು (ಕ್ರಾಸ್) ಬದಲಿಸಲಿಕ್ಕೆಂದು ಅಂದೇ ಬಿಚ್ಚಿಟ್ಟಿದ್ದೆವು. ಗ್ಯಾರೇಜು ಪೂರ್ತಿ ಹೊಗೆ. ಹುಡುಗರು ಹೊರಗೆ ಓಡಿದರು. ‘ಬಾಯಿ ಮುಚ್ಚು, ಬಾಯಿ ಮುಚ್ಚು ಅದರದು!’ ಅಂತ ಉಸ್ತಾದ್ ಕೂಗಿದ. ನಾನು ಗೋಣಿಚೀಲ ಹಿಡಿದು ಹೋದೆ. ‘ಚೀಲ ಬ್ಯಾಡ, ಒಳಗ ಎಳಕೋತದ!’ ಅಂದವನೇ, ಆಗತಾನೇ ಚಹಾ ತಂದಿದ್ದ ಹುಡುಗನ ಕೈಯಿಂದ ಸ್ಟೀಲಿನ ಟ್ರೇ ಕಸಿದು, ಕಪ್ಪುಗಳನ್ನು ನೆಲಕ್ಕೆ ಚೆಲ್ಲಿ, ಟರ್ಬೊದ ಬಾಯಿಗೆ ಫಟ್ಟನೆ ಹೊಡೆದ. ಟ್ರೇ ಅಂಟಿಕೊಂಡಿತು. ಎಂಜಿನ್ ಎರಡು ಸಲ ಬಿಕ್ಕಿ ನಿಂತಿತು. ತೆಗೆದು ನೋಡಿದರೆ ಟ್ರೇಯ ನಡುವೆ ಒಂದು ಬಟ್ಟಲಿನಷ್ಟು ತಗ್ಗು.

ಟ್ರೇಗೂ ಒಡೆದ ಆರು ಕಪ್ಪಿಗೂ ದುಡ್ಡು ಕೊಟ್ಟೆ. ಆ ದಿನದ ಅತಿ ಅಗ್ಗದ ಖರ್ಚು ಅದು.

ಟರ್ಬೊದ ಸೀಲು ಹೋಗಿದೆ, ಗುಜರಿ ಮಾಲು ತಂದು ಮೋಸ ಹೋದೆ ಅಂತ ನಾನು ಎರಡು ದಿನ ಗೊಣಗಿದೆ. ಟರ್ಬೊದ ಒಳಭಾಗವನ್ನೇ (ಕಾರ್ಟ್ರಿಜ್) ಬದಲಿಸಲಿಕ್ಕೂ ಹೊರಟಿದ್ದೆ. ಉಸ್ತಾದ್ ತಡೆದ: ‘ಟರ್ಬೊ ಕೆಟ್ಟಿಲ್ರಿ. ಎಣ್ಣಿ ಹೋಗ್ಲಕ ದಾರಿ ಇಲ್ಲ, ಅದಕ್ಕ ಸಿಕ್ಕ ಕಡಿ ಬರ್ಲಕತ್ತದ.’ ಆ ರಬ್ಬರ್ ಪೈಪು ಸಣ್ಣದು, ನಡುವೆ ಜೋತುಬಿದ್ದು ಮತ್ತೆ ಮೇಲೇರುತ್ತಿತ್ತು, ಶಾಖಕ್ಕೆ ಮೆತ್ತಗಾಗಿ ಚಪ್ಪಟೆಯೂ ಆಗಿತ್ತು. ಟರ್ಬೊದೊಳಗೆ ಎಣ್ಣೆ ಒತ್ತಡದಿಂದ ಹೋಗುತ್ತದೆ, ಆದರೆ ಹೊರಗೆ ಬರುವುದು ಬರೀ ತನ್ನ ಭಾರದಿಂದ. ಬಚ್ಚಲ ಮೋರಿ ಕಟ್ಟಿದರೆ ನೀರು ಹೊಸ್ತಿಲು ದಾಟಿ ಬರುವ ಹಾಗೆ, ಎಣ್ಣೆ ಸೀಲು ದಾಟಿ ಬರುತ್ತದೆ. ಆ ಸೀಲುಗಳು ನಿಂತ ಎಣ್ಣೆಯನ್ನು ತಡೆಯಲಿಕ್ಕೆ ಮಾಡಿದವೇ ಅಲ್ಲ. ಮುಕ್ಕಾಲು ಇಂಚಿನ ಕಬ್ಬಿಣದ ಪೈಪು ಬಗ್ಗಿಸಿ, ಎಲ್ಲೂ ಏರದಂತೆ ಇಳಿಜಾರು ಕೊಟ್ಟು, ಸಂಪಿನಲ್ಲಿ ಎಣ್ಣೆಯ ಮಟ್ಟಕ್ಕಿಂತ ಮೇಲೆ ಹೊಸ ತೂತು ಮಾಡಿ ಕೂಡಿಸಿದೆ. ಎಂಜಿನ್ನಿನ ಒಳಗಾಳಿಯನ್ನು ಹೊರಬಿಡುವ ಬ್ರೀದರ್ ಪೈಪು ಕಟ್ಟಿಕೊಂಡಿತ್ತು, ಅದನ್ನೂ ತೊಳೆದೆವು. ಎಂಜಿನ್ನಿನ ಹೊಟ್ಟೆಯಲ್ಲಿ ಗಾಳಿ ತುಂಬಿದ್ದರೆ ಎಣ್ಣೆ ಇಳಿಯುವುದಾದರೂ ಹೇಗೆ? ಅದೇ ಟರ್ಬೊ, ಅದೇ ಸೀಲು, ಇವತ್ತಿಗೂ ಓಡುತ್ತಿದೆ.

ಆಮೇಲಿನದು ಶಾಖದ ಜಗಳ. ಗೇಜಿನಲ್ಲಿ ಅರ್ಧ ಬಾರ್ ಒತ್ತಡ ಕಂಡು, ಅರ್ಧಪಟ್ಟು ಗಾಳಿ ಜಾಸ್ತಿಯಾಯಿತು ಅಂತ ಹಿಗ್ಗಿದ್ದೆ. ಲೆಕ್ಕ ಹಾಗಿಲ್ಲ. ಗಾಳಿಯನ್ನು ಒತ್ತಿದರೆ ಕಾಯುತ್ತದೆ, ಸೈಕಲ್ ಪಂಪು ಹಿಡಿದವರಿಗೆಲ್ಲ ಗೊತ್ತು. 43 ಡಿಗ್ರಿಯ ಗಾಳಿಯನ್ನು ಅರ್ಧ ಬಾರ್ ಒತ್ತಿದರೆ ಟರ್ಬೊದಿಂದ ಹೊರಬರುವಾಗ 100 ಡಿಗ್ರಿ ಮೀರಿರುತ್ತದೆ. ಕಾದ ಗಾಳಿ ತೆಳು, ಹಾಗಾಗಿ ನಿಜವಾಗಿ ಸಿಕ್ಕ ಲಾಭ ಕಾಲುಪಟ್ಟು ಮಾತ್ರ. ಅದನ್ನು ಇಂಟರ್‌ಕೂಲರಿನಲ್ಲಿ ಹಾಯಿಸಿ 65 ಡಿಗ್ರಿಗೆ ಇಳಿಸಿದರೆ ಲಾಭ ಶೇ 40ಕ್ಕೆ ಏರುತ್ತದೆ. ಗೇಜಿನ ಮುಳ್ಳು ಎರಡೂ ಸಲ ಅಲ್ಲೇ ನಿಂತಿರುತ್ತದೆ! ಏಪ್ರಿಲ್‌ನಲ್ಲಿ ಗ್ರಿಲ್ಲಿನ ಹಿಂದೆ ಇಂಟರ್‌ಕೂಲರ್ ಕೂಡಿಸಿದೆ. ಅದು ರೇಡಿಯೇಟರಿನ ಗಾಳಿ ತಿಂದಿತು, ನೀರು ಕುದಿಯತೊಡಗಿತು. ರೇಡಿಯೇಟರಿಗೆ ನಾಲ್ಕು ಸಾಲಿನ ಕೋರ್ ಹಾಕಿಸಿದೆ. ಒಂದು ಹಾಕಿದರೆ ಇನ್ನೊಂದು ಕೇಳುತ್ತದೆ, ಮದುವೆ ಮನೆಯ ಹಾಗೆ.

ಡೀಸೆಲ್ ಪಂಪನ್ನು ಕ್ಯಾಲಿಬ್ರೇಷನ್ ಅಂಗಡಿಗೆ ಒಯ್ದು ಡೀಸೆಲ್ ಸ್ವಲ್ಪವೇ ಹೆಚ್ಚಿಸಿದೆವು. ಗಾಳಿ ಹೆಚ್ಚಾಗಿ ಡೀಸೆಲ್ ಹಾಗೇ ಇದ್ದರೆ ಹೊಗೆ ಕಡಿಮೆಯಾಗುತ್ತದೆ, ತಾಕತ್ತು ಅಷ್ಟಾಗಿ ಬರುವುದಿಲ್ಲ. ಪೆಟ್ರೋಲ್ ಎಂಜಿನ್ ಆಗಿದ್ದರೆ ಇದನ್ನು ನಾನು ಮಾಡುತ್ತಲೇ ಇರಲಿಲ್ಲ. ಅಲ್ಲಿ ಒತ್ತಡ ಏರಿದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ತಾನೇ ಸಿಡಿಯುತ್ತದೆ, ಪಿಸ್ಟನ್ನಿನ ತಲೆ ಒಡೆಯುತ್ತದೆ. ಇಗ್ನಿಷನ್ನು, ಎಂಜಿನ್ನಿನ ಕಂಪ್ಯೂಟರು (ಇಸಿಯು), ಕಂಪ್ರೆಷನ್ನು ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ಡೀಸೆಲ್ ಆ ವಿಷಯದಲ್ಲಿ ಗಟ್ಟಿ ಜೀವ. ಆದರೂ ಎಂಜಿನ್ನಿನಿಂದ ಟರ್ಬೊಗೆ ಹೋಗುವ ಸುಡುಹೊಗೆಯ ಶಾಖ ತೋರಿಸುವ ಗೇಜೊಂದು ಹಾಕಿದ್ದೇನೆ. ಏರಿನಲ್ಲಿ 650 ಡಿಗ್ರಿ ಕಂಡರೆ ಕಾಲು ಸಡಿಲಿಸುತ್ತೇನೆ, 700 ನೋಡುವ ಆಸೆ ನನಗಿಲ್ಲ.

ಒಟ್ಟು ಖರ್ಚು 38 ಸಾವಿರ, ನನ್ನ ಕೂಲಿ ಬಿಟ್ಟು. ಹನ್ನೊಂದರಿಂದ ಶುರುವಾದದ್ದು. ಜೀಪು ಈಗ ಅದೇ ದಾರಿಯ ಕಿಣ್ಣಿ ಸಡಕ್‌ವರೆಗೆ ಮೂರನೇ ಗೇರು ಬಿಟ್ಟು ಕೆಳಗಿಳಿಯುವುದಿಲ್ಲ, ಖಾಲಿ ಇದ್ದರೆ ನಾಲ್ಕರಲ್ಲೇ ಹೋಗುತ್ತದೆ.

ಇದನ್ನು ನೋಡಿ ಶಹಾಪುರದ ನಮ್ಮ ಭಾವ ತಮ್ಮ ಜೀಪು ತಂದು ನಿಲ್ಲಿಸಿದರು. ‘ನನ್ನದಕ್ಕೂ ಅಂಥಾದ್ದೇ ಒಂದು ಹಚ್ಚಿ ಕೊಡೋ’ ಅಂದರು. ಈ ಸಲ ನಾನೇ ಗೇಜ್ ತಂದೆ. ಎರಡು ಸಿಲಿಂಡರಿನಲ್ಲಿ 18 ಬಾರ್. ಎಣ್ಣೆಯ ಮುಚ್ಚಳ ತೆಗೆದರೆ ಇಟ್ಟಿಗೆ ಭಟ್ಟಿಯ ಹಾಗೆ ಹೊಗೆ. ಸವೆದ ರಿಂಗಿನಿಂದ ಹೊಟ್ಟೆಯಲ್ಲಿ ಅಷ್ಟು ಗಾಳಿ ತುಂಬುತ್ತಿದ್ದರೆ ಟರ್ಬೊದ ಎಣ್ಣೆ ಯಾವ ಪೈಪಿನಿಂದಲೂ ಇಳಿಯುವುದಿಲ್ಲ. ಮತ್ತೆ ಚಹಾದ ಟ್ರೇ ಹುಡುಕಬೇಕಾಗುತ್ತಿತ್ತು. ‘ಭಾವಾ, ಇದಕ್ಕ ಟರ್ಬೊ ಬ್ಯಾಡ್ರಿ. ಎಂಜಿನ್ನೇ ಬದಲಿ ಮಾಡೂಣು’ ಅಂದೆ. ಭಾವನಿಗೆ ಬೇಸರವಾಯಿತು, ತನ್ನ ದುಡ್ಡಿನಲ್ಲಿ ಮಾತ್ರ ಜಾಣತನ ತೋರಿಸುತ್ತಾನೆ ಅನ್ನೋ ಅರ್ಥದ ಮಾತೂ ಬಂತು.

ಅವರಿಗೆ ಬೊಲೆರೊದ ಇಡೀ ಟರ್ಬೊ ಎಂಜಿನ್ ತಂದೆವು, ಕಾಗದಪತ್ರ ಸಮೇತ. ಎಂಜಿನ್ ಕೂರಿಸುವ ಫೌಂಡೇಷನ್ನು, ಪೈಪು, ವೈರಿಂಗ್, ಎಲ್ಲ ಸೇರಿ 1 ಲಕ್ಷ 30 ಸಾವಿರ ಬಿತ್ತು. ಕೆಲಸ ನಾಲ್ಕು ದಿನ, ಆರ್‌ಟಿಒ ಓಡಾಟ ಎರಡು ತಿಂಗಳು. ಎಂಜಿನ್ ನಂಬರ್ ಆರ್‌ಸಿಯಲ್ಲಿ ಇರುತ್ತದೆ, ಬದಲಿಸುವ ಮುಂಚೆಯೇ ಒಪ್ಪಿಗೆ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ರೂಪ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಒಂದೇ ಕಂಪನಿ, ಅದೇ ಸಿಸಿ, ಅದೇ ಡೀಸೆಲ್ ಆಗಿದ್ದಕ್ಕೆ ಭಾವನ ಅರ್ಜಿ ಪಾರಾಯಿತು. ನನ್ನ ಟರ್ಬೊಗೆ ನಾನು ಯಾರನ್ನೂ ಕೇಳಿರಲಿಲ್ಲ. ಅದು ತಪ್ಪೇ. ನೋಡಿ ಮಾಡುವವರು ಆ ಭಾಗವನ್ನು ನನ್ನಿಂದ ಕಲಿಯಬೇಡಿ.

ಎರಡೂ ಜೀಪು ಒಮ್ಮೆ ಹುಮನಾಬಾದಿಗೆ ಕೂಡಿ ಹೋದವು. ಭಾವನದು ಮೆತ್ತಗೆ, ತಗಾದೆ ಇಲ್ಲದೆ ಏರಿತು. ಅವರು ಒಂದು ಗೇಜನ್ನೂ ನೋಡಲಿಲ್ಲ, ಹಾಡು ಕೇಳುತ್ತ ಹೋದರು. ನಾನು ಮೂರು ಮುಳ್ಳು ನೋಡುತ್ತ ಹೋದೆ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಳ್ಳಲಿಕ್ಕೆ ನಿಂತಾಗ ಅವರು ಕೀಲಿ ತಿರುಗಿಸಿ ಇಳಿದೇಬಿಟ್ಟರು. ‘ಭಾವಾ, ಟರ್ಬೊ ಕಾದಿರ್ತದ, ಒಂದ್ ನಿಮಿಷ ಹಂಗs ಓಡ್ಲಿ, ಆಮ್ಯಾಲ ಬಂದ್ ಮಾಡ್ರಿ’ ಅಂದೆ. ‘ನಿಂದು ಮನ್ಯಾಗ ಮಾಡಿದ್ದು, ನಂದು ಕಂಪನೀದು’ ಅಂದು ಹಣ್ಣಿನ ಗಾಡಿ ಕಡೆ ನಡೆದರು. ನಾನು ಒಳಗೆ ಕೈಹಾಕಿ ಅವರ ಎಂಜಿನ್ ಮತ್ತೆ ಚಾಲೂ ಮಾಡಿ, ಒಂದು ನಿಮಿಷ ಎಣಿಸಿ ಬಂದ್ ಮಾಡಿದೆ.