ನಿಧಾನವಾಗಿ ಆರುವ ಸೂಪರ್ನೋವಾಗಳ ಹುಡುಕಾಟ: ನನ್ನ ಅನುಭವ

ವಿಶ್ವದ ಮೊದಲ ನಕ್ಷತ್ರಗಳ ಸಾವನ್ನು, ಅಂದರೆ ಅವು ಸಿಡಿಯುವ ಸೂಪರ್ನೋವಾಗಳನ್ನು, ಅರಸುವವರು ಒಂದೇ ಪ್ರದೇಶದ ಒಂದು ಚಿತ್ರದಿಂದ ಇನ್ನೊಂದನ್ನು ಕಳೆದು, ಉಳಿದ ಚುಕ್ಕೆಗಳ ಬೆನ್ನು ಹತ್ತುವುದು ವಾಡಿಕೆ. ಹತ್ತಿರದ ಸೂಪರ್ನೋವಾಗಳಿಗೆ ಅದು ಸಾಕು. ಆದರೆ ಕೆಂಪು ಪಲ್ಲಟ (ವಿಶ್ವದ ಹಿಗ್ಗುವಿಕೆಯಿಂದ ಬೆಳಕಿನ ತರಂಗ ಉದ್ದವಾಗುವ ಪ್ರಮಾಣ) 15 ಇರುವಷ್ಟು ದೂರದಲ್ಲಿ ಕಾಲವೇ 16 ಪಟ್ಟು ಹಿಗ್ಗುವುದರಿಂದ ನಮ್ಮ ಒಂದು ವರ್ಷವು ಅಲ್ಲಿನ ಸುಮಾರು 23 ದಿನಗಳಷ್ಟೇ; 140ರಿಂದ 260 ಸೌರ ದ್ರವ್ಯರಾಶಿಯ ನಕ್ಷತ್ರದ ಜೋಡಿ-ಅಸ್ಥಿರತೆಯ ಸ್ಫೋಟ (ಒಡಲಿನ ಬೆಳಕು ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಗಳಾಗಿ, ಒತ್ತಡ ಕುಸಿದು ಆಗುವ ಸ್ಫೋಟ) ಅಷ್ಟರಲ್ಲಿ ಮಾಸುವುದು ಅತ್ಯಲ್ಪ. ಆದ್ದರಿಂದ ನಾನು ಕಳೆಯುವುದನ್ನೇ ಬಿಟ್ಟು, ಜೇಮ್ಸ್ ವೆಬ್ ದೂರದರ್ಶಕವು ಒಂದೇ ಪ್ರದೇಶವನ್ನು ಬೇರೆ ಬೇರೆ ಕಾಲದಲ್ಲಿ ತೆಗೆದ ಎಲ್ಲ ಚಿತ್ರಗಳಲ್ಲೂ ಪ್ರತಿ ಮೂಲದ ಹೊಳಪನ್ನು ನಿಗದಿತ ಸ್ಥಾನದಲ್ಲೇ ಅಳೆದು, ಅವಕ್ಕೆಲ್ಲ ಒಟ್ಟಾಗಿ ಒಂದು ನಿಧಾನವಾದ ಇಳಿಜಾರನ್ನು ಹೊಂದಿಸಲು ಹೊರಟೆ. ಕಂದು ಕುಬ್ಜಗಳೂ (ನಕ್ಷತ್ರವಾಗಲಾರದ ಮಂದ ಕಾಯಗಳು) ಸಕ್ರಿಯ ಗೆಲಾಕ್ಸಿ ಕೇಂದ್ರಗಳೂ (ಅನಿಲ ನುಂಗುವ ಕಪ್ಪುಕುಳಿಗಳಿಂದ ಹೊಳೆಯುವವು) ಅಭ್ಯರ್ಥಿಗಳ ಪಟ್ಟಿಯನ್ನು ಮುಳುಗಿಸುತ್ತವೆಂದು ಸಹೋದ್ಯೋಗಿಗಳು ನಕ್ಕರು.

ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ದೂರದರ್ಶಕದ ಕೋನ ಬದಲಾದಂತೆ ಪ್ರಖರ ನಕ್ಷತ್ರಗಳ ಬೆಳಕಿನ ಮುಳ್ಳುಗಳು ತಿರುಗುತ್ತವೆ. ವೆಬ್‌ನ ಅವಕೆಂಪು ಕ್ಯಾಮೆರಾ ನಿಯರ್‌ಕ್ಯಾಮ್‌ನ ಕಿರುತರಂಗದ ಡಿಟೆಕ್ಟರ್‌ಗಳಲ್ಲಿ ದಾರಿ ತಪ್ಪಿದ ಬೆಳಕಿನಿಂದ ಮೂಡುವ ಮಬ್ಬು ವಿಸ್ಪ್‌ಗಳು, ಕಾಸ್ಮಿಕ್ ಕಿರಣ ಬಡಿದು ಉಳಿಯುವ ಸ್ನೋಬಾಲ್ ಕಲೆಗಳು, ಅಡ್ಡಗೆರೆಗಳ ಗದ್ದಲ, ಇವೆಲ್ಲವೂ ನಾನು ಹುಡುಕುವ ಇಳಿಜಾರನ್ನೇ ನಟಿಸಿದವು. ಹಲವು ಚಿತ್ರ ಜೋಡಿಸಿದ ಸಿದ್ಧ ಮೊಸಾಯಿಕ್‌ಗಳನ್ನು ಬದಿಗಿಟ್ಟು ಕಚ್ಚಾ ಚಿತ್ರದ ಒಂದೊಂದೇ ಎಕ್ಸ್‌ಪೋಷರ್‌ನಿಂದ ಮತ್ತೆ ಕಟ್ಟಬೇಕಾಯಿತು. ಸಾರ್ವಜನಿಕ ದತ್ತಾಂಶವೇನೋ ಉಚಿತ, ಅದನ್ನು ಇರಿಸಿಕೊಳ್ಳುವುದು ಉಚಿತವಲ್ಲ. ಅನುದಾನದ ಅರ್ಧದಷ್ಟು ಕ್ಲೌಡ್ ಬಾಡಿಗೆಗೇ ಹೋಗಿ, ಸಹಾಯಕರ ವೇತನಕ್ಕೆಂದು ಎತ್ತಿಟ್ಟದ್ದೂ ಕರಗಿತು. ನಡುವಿನ ಕಡತಗಳನ್ನು ಅಳಿಸಿ, ಬೇಕಾದಾಗ ಮರುಗಣಿಸುವ ಕ್ರಮ ಬಂದ ಮೇಲೆ ಖರ್ಚು ಮೂರರಲ್ಲಿ ಒಂದು ಪಾಲಿಗೆ ಇಳಿಯಿತೆಂದು ನೆನಪು.

ಬೇಸರ ಕಳೆಯಲು ಹಳೆಯ ನಕ್ಷತ್ರಗಳ ರೋಹಿತಗಳತ್ತಲೂ (ಬಣ್ಣಗಳಾಗಿ ಬಿಡಿಸಿದ ಬೆಳಕು) ಹೊರಳಿದ್ದೆ; ಮೊದಲ ಸ್ಫೋಟಗಳು ಚೆಲ್ಲಿದ ಧಾತುಗಳ ಗುರುತು ಅವುಗಳಲ್ಲಿ ಉಳಿದಿರಬಹುದು. ಲಾಮೋಸ್ಟ್ ಜೆ1010+2358 ಎಂಬ ನಕ್ಷತ್ರದಲ್ಲಿ ಸೋಡಿಯಂ, ಕೋಬಾಲ್ಟ್ ತೀರ ಕಡಿಮೆಯೆಂದು 2023ರಲ್ಲಿ ಅದನ್ನು 260 ಸೌರ ದ್ರವ್ಯರಾಶಿಯ ಸ್ಫೋಟದ ಕುರುಹೆಂದು ಸಾರಲಾಗಿತ್ತು. ಮರುವರ್ಷದ ಅಳತೆಗಳು ಆ ತೀರ್ಮಾನವನ್ನು ಅಲುಗಾಡಿಸಿದವು. ಅಂಥ ಕೆಲವು ರೋಹಿತಗಳನ್ನು ಕೂಡಿಸಿ ನೋಡಿದೆ. ನಕ್ಷತ್ರಗಳ ನಡುವಿನ ಅನಿಲದ ಸೋಡಿಯಂ ಗೆರೆಗಳು ಅಡ್ಡ ಬಂದವು, ಅಲ್ಲಿಗೇ ಬಿಟ್ಟೆ.

ಕೊನೆಗೆ ಕೈ ಹಿಡಿದದ್ದು ಬಣ್ಣ. ಕಿರಿದಾದ ತರಂಗಗಳನ್ನು ನಡುವಿನ ಹೈಡ್ರೋಜನ್ ನುಂಗುವುದರಿಂದ ಆ ದೂರದ ಮೂಲವು 1.5 ಮೈಕ್ರಾನ್ ಸುತ್ತಲಿನ ಎಫ್150ಡಬ್ಲ್ಯೂ ಫಿಲ್ಟರ್‌ನಲ್ಲಿ ಕಾಣಲೇಬಾರದು, ಮತ್ತು ಉಳಿದ ಫಿಲ್ಟರ್‌ಗಳಲ್ಲಿ ತಣಿಯುತ್ತ ಕೆಂಪಾಗಬೇಕು. ಕಂದು ಕುಬ್ಜಗಳು ಸ್ಥಾನ ಸರಿಯುವುದರಿಂದ ಸಿಕ್ಕಿಬೀಳುತ್ತವೆ. ಗೆಲಾಕ್ಸಿ ಕೇಂದ್ರಗಳು ಒಂದೇ ದಿಕ್ಕಿನಲ್ಲಿ ಇಳಿಯದೆ ಏರಿಳಿಯುತ್ತವೆ. ಫಿಲ್ಟರ್‌ಗಳಿಗೆ ಕೊಡುವ ತೂಕವನ್ನು ಹೇಗೆ ನಿರ್ಧರಿಸಿದೆನೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಎಕ್ಸ್‌ಪೋಷರ್‌ಗಳಲ್ಲೇ ಹುದುಗಿಸಿದ ಕೃತಕ ಸೂಪರ್ನೋವಾಗಳಲ್ಲಿ ಹಳೆಯ ವಿಧಾನ ಐದಕ್ಕೊಂದನ್ನು ಹಿಡಿದರೆ ನನ್ನದು ಸುಮಾರು ನಾಲ್ಕಕ್ಕೆ ಮೂರನ್ನು ಹಿಡಿಯಿತು. ನಕ್ಕವರಲ್ಲೊಬ್ಬರು ನನಗೆ ಹೇಳದೆ ಅಡಗಿಸಿಟ್ಟವುಗಳಲ್ಲೂ ಹೆಚ್ಚಿನವು ಸಿಕ್ಕವು.

ನಿಜವಾದ ಚಿತ್ರಗಳಲ್ಲಿ ಬೆರಳೆಣಿಕೆಯ ಮೂಲಗಳು ಉಳಿದಿವೆ. ರೋಹಿತವಿಲ್ಲದೆ ಅವುಗಳನ್ನು ಮೊದಲ ನಕ್ಷತ್ರಗಳ ಸ್ಫೋಟಗಳೆನ್ನುವ ಧೈರ್ಯ ನನಗಿಲ್ಲ. ಈಗ ಇದೇ ವಿಧಾನವನ್ನು ನಾಸಾದ ರೋಮನ್ ಬಾಹ್ಯಾಕಾಶ ದೂರದರ್ಶಕಕ್ಕೆ ಒಗ್ಗಿಸುತ್ತಿದ್ದೇನೆ. ಅದರ ನೋಟ ಅಗಲ, ಆದರೆ ಅದರ ಫಿಲ್ಟರ್‌ಗಳು 2.3 ಮೈಕ್ರಾನ್‌ಗೇ ನಿಲ್ಲುವುದರಿಂದ 15ರ ಪಲ್ಲಟದ ಮೂಲ ಹೆಚ್ಚುಕಡಿಮೆ ಕಡೆಯ ಒಂದೇ ಫಿಲ್ಟರ್‌ನಲ್ಲಿ ಕಾಣುತ್ತದೆ. ಬಣ್ಣದ ಪರೀಕ್ಷೆಯನ್ನು ಅಲ್ಲಿ ವೆಬ್‌ನ ಉದ್ದತರಂಗದ ಚಿತ್ರಗಳಿಂದಲೇ ಪೂರೈಸಬೇಕು.